ಗೆದ್ದವರು ಕರ್ತೃ, ಸೋತವರದು ಕರ್ಮ

ರಾತ್ರಿ ಹನ್ನೊಂದರ ಮೇಲೆ ಉಪ್ಪಲ್ ಮೆಟ್ರೊ ಕಂಬಗಳ ಬುಡದಲ್ಲಿ ಹಾದುಹೋದರೆ ಕೆಲವು ಹುಡುಗರು ಕಾಣುತ್ತಾರೆ. ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು, ತಲೆಗೆ ಟಾರ್ಚು ಕಟ್ಟಿಕೊಂಡು, ಟಿಫಿನ್ ಡಬ್ಬಿಯಷ್ಟು ದೊಡ್ಡ ಯಂತ್ರವೊಂದನ್ನು ಮುಂದಿಟ್ಟುಕೊಂಡು ಕೂತಿರುತ್ತಾರೆ. ಹಗಲು ಯಾರೋ ರಸ್ತೆ ಅಗೆದಾಗ ಕಡಿದುಹೋದ ಕೇಬಲ್ ಬಿಚ್ಚಿ, ಒಳಗಿನ ಕೂದಲಿನಂಥ ಗಾಜಿನ ಎಳೆಗಳನ್ನು ಒಂದೊಂದಾಗಿ ಬೆಸೆಯುವುದು ಅವರ ಕೆಲಸ. ಬೆಳಿಗ್ಗೆ ನಿಮ್ಮ ಫೋನಿನಲ್ಲಿ ನೆಟ್ ಬಂದರೆ ಅದು ಸಹಜ, ಬರದಿದ್ದರೆ ಬೈಗುಳ. ನಡುವೆ ಈ ಹುಡುಗರು ಇದ್ದಾರೆ ಅನ್ನುವುದು ಯಾರ ಗಮನಕ್ಕೂ ಬರುವುದಿಲ್ಲ.

ಅವರಲ್ಲೊಬ್ಬ ನನ್ನ ಚಿಕ್ಕಮ್ಮನ ಮಗ. ಇಪ್ಪತ್ತಾರು ವರ್ಷ, ಸಿಂಧನೂರಿನ ಕಡೆಯವನು. ಈಗ ನಮ್ಮ ಎರಡು ಕೋಣೆಯ ಮನೆಯಲ್ಲೇ ಇದ್ದಾನೆ. ಮೂರು ವರ್ಷದ ಹಿಂದೆ ಅವನು ಊರಲ್ಲಿ ಕೇಬಲ್ ಆಪರೇಟರ್ ಒಬ್ಬರ ಹತ್ತಿರ ಹದಿನಾಲ್ಕು ಸಾವಿರಕ್ಕೆ ಇದೇ ಬೆಸುಗೆ ಕೆಲಸ ಮಾಡುತ್ತಿದ್ದ. ಅದನ್ನು ಬಿಟ್ಟು, ತಾಯಿಯ ಬಂಗಾರ ಅಡವಿಟ್ಟು, ಫೈನಾನ್ಸಿನಲ್ಲಿ ಸಾಲ ಎತ್ತಿ, ಸುತ್ತಲ ನಾಲ್ಕು ಹಳ್ಳಿಗೆ ಕಂಬದಿಂದ ಕಂಬಕ್ಕೆ ಕೇಬಲ್ ಎಳೆದು ಸ್ವಂತ ಇಂಟರ್ನೆಟ್ ಧಂದೆ ಶುರುಮಾಡಿದ. ಮುನ್ನೂರು ಮನೆ ಹಿಡಿದ. ಹದಿನೆಂಟು ತಿಂಗಳಲ್ಲಿ ದೊಡ್ಡ ಕಂಪನಿಗಳ ಅಗ್ಗದ ಸಂಪರ್ಕ ಅದೇ ಹಳ್ಳಿಗಳಿಗೆ ಬಂತು. ಮುನ್ನೂರು ಮನೆ ಅರವತ್ತಾದವು. ಬಾಗಿಲು ಹಾಕಿದ. ಉಳಿದದ್ದು ಆರೂವರೆ ಲಕ್ಷದ ಸಾಲ.

ಒಂದು ರಾತ್ರಿ ಊಟದ ಹೊತ್ತಿಗೆ ಅವನು ಕೇಳಿದ: “ಅಕ್ಕಾ, ನೀ ಬರದಿದ್ದ ಪುಸ್ತಕದಾಗ ಸೋತಿದ್ದು ಒಂದೂ ಇದ್ದಿಲ್ಲಲಾ. ಯಾಕ?”

ಬೈಯುವ ದನಿ ಇರಲಿಲ್ಲ. ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದ್ದ. ಅದಕ್ಕೇ ಉತ್ತರ ಬಾಯಿಗೆ ಬರಲಿಲ್ಲ. ಈ ಸಲದ ಪತ್ರ ಆ ಉತ್ತರ.

ಅವನು ಹೇಳಿದ ಪುಸ್ತಕ ನಾನು ಬರೆದದ್ದಲ್ಲ, ಅನುವಾದಿಸಿದ್ದು. ಊರ ಹೆಸರು, ಸಂಸ್ಥೆಯ ಹೆಸರು ಬೇಡ. ಯುವಕರಿಗೆ ಉದ್ಯಮಶೀಲತೆ ಕಲಿಸುವ ಶಿಬಿರಗಳಿಗೆಂದು ಒಂದು ಏಜೆನ್ಸಿ ಹನ್ನೆರಡು ‘ಸಾಧಕರ’ ಜೀವನಕಥೆಗಳ ಕಿರುಪುಸ್ತಕ ಮಾಡಿಸಿತ್ತು. ಪದಕ್ಕೆ ಒಂದೂವರೆ ರೂಪಾಯಿ. ಹನ್ನೆರಡರಲ್ಲಿ ಒಂದು ಹುಬ್ಬಳ್ಳಿಯ ಗುರುರಾಜ ದೇಶಪಾಂಡೆಯವರದು. ಅವರಿಗಾಗಲಿ ಅವರ ಪ್ರತಿಷ್ಠಾನಕ್ಕಾಗಲಿ ಆ ಪುಸ್ತಕದೊಂದಿಗೆ ಯಾವ ಸಂಬಂಧವೂ ಇರಲಿಲ್ಲ. ಮೂಲ ಇಂಗ್ಲಿಷ್ ಕರಡಿನಲ್ಲಿ 2000ದ ನಂತರ ಏನಾಯಿತು ಎಂಬ ಮೂರು ಸಾಲು ಇದ್ದವು. ನಾನು ಅನುವಾದಿಸಿ ಕಳಿಸಿದೆ. “ಹುಡುಗರಿಗೆ ಇದು ನಿರಾಶೆ ಹುಟ್ಟಿಸುತ್ತದೆ, ತೆಗೆಯಿರಿ” ಎಂದು ಉತ್ತರ ಬಂತು. ತೆಗೆದೆ. ಬಿಲ್ಲು ಹೇಳಿದ ದಿನಕ್ಕೆ ಪಾಸಾಯಿತು. ಆ ಪುಸ್ತಕ ಸಿಂಧನೂರಿನ ಒಂದು ಶಿಬಿರಕ್ಕೂ ಹೋಗಿತ್ತು.

ಆ ಮೂರು ಸಾಲು ಯಾಕೆ ಮುಖ್ಯ ಅನ್ನುವುದು ಅರ್ಥವಾಗಬೇಕಾದರೆ ಇಡೀ ಕಥೆ ಹೇಳಬೇಕು.

*

ದೇಶಪಾಂಡೆಯವರು ಹುಟ್ಟಿದ್ದು 1950ರಲ್ಲಿ, ಹುಬ್ಬಳ್ಳಿಯಲ್ಲಿ. ತಂದೆ ಕಾರ್ಮಿಕ ಇಲಾಖೆಯ ಅಧಿಕಾರಿ. ಮದ್ರಾಸಿನ ಐಐಟಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಕೆನಡಾದ ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ, ಅಲ್ಲಿಯದೇ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಡೇಟಾ ಸಂವಹನದ ಮೇಲೆ ಪಿಎಚ್‌ಡಿ. ಆಮೇಲೆ ಮೋಟರೋಲಾದ ಕೈಯಲ್ಲಿದ್ದ ಕೋಡೆಕ್ಸ್ ಎಂಬ ಕಂಪನಿಯಲ್ಲಿ ನೌಕರಿ. ಸುಧಾ ಮೂರ್ತಿಯವರ ಸಹೋದರಿ ಜಯಶ್ರೀ ಅವರ ಪತಿ ಎಂದೂ ನಮ್ಮಲ್ಲಿ ಅನೇಕರು ಅವರನ್ನು ಬಲ್ಲರು.

1987ರಲ್ಲಿ ಅಮೆರಿಕದಲ್ಲಿ ಪಾಲುದಾರರೊಂದಿಗೆ ಕೋರಲ್ ನೆಟ್‌ವರ್ಕ್ಸ್ ಕಟ್ಟಿದರು. ಏನನ್ನು ತಯಾರಿಸಬೇಕು ಎಂಬಲ್ಲಿ ಪಾಲುದಾರರೊಂದಿಗೆ ಹೊಂದಲಿಲ್ಲ. ಕಟ್ಟಿದ ಕಂಪನಿಯಿಂದ ತಾವೇ ಹೊರಬಂದರು. 1990ರಲ್ಲಿ ಕ್ಯಾಸ್ಕೇಡ್ ಕಮ್ಯುನಿಕೇಷನ್ಸ್ ಶುರುವಾಯಿತು. ಅದು ತಯಾರಿಸಿದ್ದು ಫ್ರೇಮ್ ರಿಲೇ ಮತ್ತು ಎಟಿಎಂ ಸ್ವಿಚ್ಚುಗಳು. ಈ ಎಟಿಎಂ ದುಡ್ಡು ಕೊಡುವುದಲ್ಲ, ಡೇಟಾ ಸಾಗಿಸುವ ಒಂದು ಪದ್ಧತಿ. ಕೆಲಸ ಸರಳವಾಗಿ ಹೇಳುವುದಾದರೆ ಹೀಗೆ: ಅಲ್ಲಿಯವರೆಗೆ ಎರಡು ಊರಿನಲ್ಲಿ ಕಚೇರಿ ಇದ್ದ ಬ್ಯಾಂಕೊಂದು ಟೆಲಿಫೋನ್ ಕಂಪನಿಯಿಂದ ಒಂದು ಇಡೀ ಲೈನನ್ನೇ ಬಾಡಿಗೆಗೆ ಹಿಡಿಯಬೇಕಿತ್ತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಬ್ಬರೇ ಹೋಗಲಿಕ್ಕೆ ಇಡೀ ಬಸ್ಸು ಗೊತ್ತುಮಾಡಿದ ಹಾಗೆ. ಫ್ರೇಮ್ ರಿಲೇಯಲ್ಲಿ ಸೀಟಿಗೆ ಮಾತ್ರ ದುಡ್ಡು. ಇಂಟರ್ನೆಟ್ ಮನೆಮಾತಾದ ವರ್ಷಗಳಲ್ಲಿ ಟೆಲಿಫೋನ್ ಕಂಪನಿಗಳಿಗೆ ಬೇಕಾಗಿದ್ದದ್ದು ಇಂಥದೇ. 1994ರಲ್ಲಿ ಕ್ಯಾಸ್ಕೇಡ್ ಷೇರುಪೇಟೆಗೆ ಬಂತು. 1997ರಲ್ಲಿ ಅಸೆಂಡ್ ಎಂಬ ಕಂಪನಿ ಅದನ್ನು 370 ಕೋಟಿ ಡಾಲರಿಗೆ ಕೊಂಡಿತು.

1998ರಲ್ಲಿ ಸಿಕಮೋರ್ ನೆಟ್‌ವರ್ಕ್ಸ್. ಕ್ಯಾಸ್ಕೇಡಿನ ದಿನಗಳ ಒಡನಾಡಿ ಡ್ಯಾನ್ ಸ್ಮಿತ್ ಇಲ್ಲೂ ಜೊತೆಗಿದ್ದರು. ತಂತ್ರಜ್ಞಾನ ತಂದವರು ಎಂಐಟಿಯ ಲಿಂಕನ್ ಪ್ರಯೋಗಾಲಯದ ಇಬ್ಬರು ವಿಜ್ಞಾನಿಗಳು. ಗಾಜಿನ ಒಂದೇ ಎಳೆಯಲ್ಲಿ ಹಲವು ಬಣ್ಣದ ಬೆಳಕು ಹರಿಸಿ, ಆ ಬೆಳಕನ್ನು ಬೇಕಾದ ಕಡೆ ತಿರುಗಿಸುವ ಯಂತ್ರ ಅವರದು. 1999ರ ಅಕ್ಟೋಬರಿನಲ್ಲಿ ಷೇರು ಬಿಟ್ಟರು. ಇಟ್ಟ ಬೆಲೆ 38 ಡಾಲರ್. ದಿನ ಮುಗಿಯುವಾಗ 184 ದಾಟಿತ್ತು. ಕಂಪನಿಯ ಬೆಲೆ ಒಂದೇ ದಿನದಲ್ಲಿ 1,400 ಕೋಟಿ ಡಾಲರಿಗಿಂತ ಹೆಚ್ಚಾಯಿತು.

ನಮ್ಮ ಕಿರುಪುಸ್ತಕ ಇಲ್ಲಿ ನಿಲ್ಲುತ್ತದೆ. ಇಂಥ ಎಲ್ಲ ಕಿರುಪುಸ್ತಕಗಳೂ ಇಂಥ ದಿನವೇ ನಿಲ್ಲುತ್ತವೆ. ಇಲ್ಲಿಂದ ಒಂದು ಪುಟ ಹಾರಿ ‘ಹುಟ್ಟಿದ ಮಣ್ಣಿಗೆ ಮರಳಿ ಕೊಟ್ಟರು’ ಎಂಬ ಅಧ್ಯಾಯಕ್ಕೆ ಹೋಗುತ್ತವೆ.

ಹಾರಿಸಿದ ಪುಟ ಇದು. ಆ 1,400 ಕೋಟಿ ಡಾಲರಿನ ಕಂಪನಿ 1999ರ ಜುಲೈಗೆ ಮುಗಿದ ವರ್ಷದಲ್ಲಿ ಮಾಡಿದ್ದ ವ್ಯಾಪಾರ ಸುಮಾರು 1.1 ಕೋಟಿ ಡಾಲರ್. ಅಷ್ಟೂ ಒಬ್ಬನೇ ಗಿರಾಕಿಯಿಂದ. ಆ ಗಿರಾಕಿಯ ಹೆಸರು ವಿಲಿಯಮ್ಸ್ ಕಮ್ಯುನಿಕೇಷನ್ಸ್. 2000ದ ಮಾರ್ಚಿನಲ್ಲಿ ನಾಸ್ಡಾಕ್ ಪೇಟೆ ತುದಿ ಮುಟ್ಟಿ ಇಳಿಯತೊಡಗಿತು. 2002ರ ಏಪ್ರಿಲ್‌ನಲ್ಲಿ ವಿಲಿಯಮ್ಸ್ ದಿವಾಳಿ ಅರ್ಜಿ ಹಾಕಿತು. ಒಂದು ಷೇರನ್ನು ನಡುವೆ ಮೂರಾಗಿ ಒಡೆದಿದ್ದರು. ಆ ಲೆಕ್ಕ ಹಿಡಿದರೂ ಮೊದಲ ದಿನ ಸಂಜೆಯ ಬೆಲೆಗೆ ಕೊಂಡವರ ನೂರು ರೂಪಾಯಿ 2002ರ ಹೊತ್ತಿಗೆ ಏಳು ರೂಪಾಯಿಗಿಂತ ಕೆಳಗಿಳಿದಿತ್ತು. ಸಿಕಮೋರ್ ದಿವಾಳಿಯಾಗಲಿಲ್ಲ. ಏರುಗಾಲದಲ್ಲಿ ಷೇರು ಮಾರಿ ಎತ್ತಿದ ಹಣ ಬ್ಯಾಂಕಿನಲ್ಲಿ ದಂಡಿಯಾಗಿತ್ತು. ಇಲ್ಲದ್ದು ಗಿರಾಕಿಗಳು. ಹತ್ತು ವರ್ಷ ಹಾಗೇ ಇದ್ದು, ಉಳಿದ ಹಣದ ಬಹುಪಾಲನ್ನು ಷೇರುದಾರರಿಗೆ ಹಂಚಿ, 2013ರಲ್ಲಿ ಯಂತ್ರ ಮಾಡುವ ಮುಖ್ಯ ವ್ಯವಹಾರವನ್ನು ಎರಡು ಕೋಟಿ ಡಾಲರಿಗೂ ಕಡಿಮೆಗೆ ಕೊಟ್ಟು, ಕಂಪನಿಯನ್ನು ಕರಗಿಸಲಾಯಿತು.

ನಾನು ಕತ್ತರಿಸಿದ ಮೂರು ಸಾಲಿನಲ್ಲಿ ಇದರ ಸಾರ ಇತ್ತು.

*

ನಾನು ಓದಿದ್ದು ಭಾಷಾವಿಜ್ಞಾನ. ಹಾಗಾಗಿ ಜಗಳವನ್ನು ನನಗೆ ಗೊತ್ತಿರುವ ಜಾಗದಲ್ಲೇ ಆಡುತ್ತೇನೆ, ಅಂದರೆ ಕ್ರಿಯಾಪದದಲ್ಲಿ.

ಕನ್ನಡದಲ್ಲಿ ‘ಮಾಡು’ ಮತ್ತು ‘ಆಗು’ ಎಂಬ ಜೋಡಿ ಇದೆ. ‘ಮಾರಿದರು’ ಅಂದರೆ ಮಾರಿದವರು ಎದುರಿಗೆ ನಿಲ್ಲುತ್ತಾರೆ. ‘ಮಾರಾಟವಾಯಿತು’ ಅಂದರೆ ಯಾರೂ ನಿಲ್ಲುವುದಿಲ್ಲ. ಎರಡೂ ಒಳ್ಳೆಯ ಕನ್ನಡವೇ. ಆದರೆ ಸಾಧಕರ ಕಥೆಗಳಲ್ಲಿ ಇವನ್ನು ಹಂಚುವ ರೀತಿ ನೋಡಿ. ನಾನೇ ಮಾಡಿದ ಹನ್ನೆರಡೂ ಅನುವಾದಗಳನ್ನು ಮತ್ತೆ ತೆಗೆದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ. ಏರುವಾಗ: ಕಟ್ಟಿದರು, ಗೆದ್ದರು, ಗಳಿಸಿದರು, ಸ್ಥಾಪಿಸಿದರು. ಇಳಿಯುವಾಗ: ಮಾರುಕಟ್ಟೆ ಕುಸಿಯಿತು, ನಷ್ಟವಾಯಿತು, ಉದ್ಯೋಗಗಳು ಕಡಿತಗೊಂಡವು. ಏರುವುದಕ್ಕೆ ಮನುಷ್ಯ ಕಾರಣ, ಇಳಿಯುವುದಕ್ಕೆ ಹವಾಮಾನ. ಗೆದ್ದವರಿಗೆ ಕರ್ತೃಸ್ಥಾನ. ಸೋತವರಿಗೆ ಕರ್ಮ, ಎರಡೂ ಅರ್ಥದಲ್ಲಿ.

ಇನ್ನೂ ಒಂದು ಸಂಗತಿ ಇದೆ. ನಮ್ಮ ಭಾಷೆ ಯಶಸ್ಸಿನ ಬಗ್ಗೆ ತಾನಾಗಿ ಮಾತಾಡುವಾಗ ‘ಅವರು’ ಅನ್ನುವುದಿಲ್ಲ, ‘ಅವರಿಗೆ’ ಅನ್ನುತ್ತದೆ. ಅವರಿಗೆ ಕೆಲಸ ಸಿಕ್ಕಿತು. ಅವರಿಗೆ ಕೈಗೂಡಿತು. ಅವಳಿಗೆ ದಕ್ಕಿತು. ನಮ್ಮಪ್ಪನಿಗೆ ಒಲಿದು ಬಂತು. ಈ ‘ಗೆ’ ಪ್ರತ್ಯಯದಲ್ಲಿ ಒಂದು ತಿಳಿವಳಿಕೆ ಇದೆ: ದುಡಿದದ್ದು ನಾನೇ ಇರಬಹುದು, ಫಲ ಬಂದದ್ದು ಎಲ್ಲಿಂದಲೋ. ಎತ್ತು, ಮಳೆ, ಅಣ್ಣತಮ್ಮಂದಿರು, ಕಾಲ, ಎಲ್ಲ ಕೂಡಿ ಬಂದವು. ಒಕ್ಕಲುತನದವರು ‘ಈ ವರ್ಷ ನಾನು ಬೆಳೆ ಸಾಧಿಸಿದೆ’ ಅನ್ನುವುದಿಲ್ಲ, ‘ಈ ವರ್ಷ ಬೆಳೆ ಬಂತು’ ಅನ್ನುತ್ತಾರೆ. ಸಾಧಕರ ಕಥೆ ಇಂಗ್ಲಿಷಿನ ದಾರಿಯಲ್ಲಿ ಬಂದು ಈ ‘ಗೆ’ಯನ್ನು ಕಿತ್ತುಹಾಕಿತು. ‘ಯಶಸ್ಸು ಸಿಕ್ಕಿತು’ ಹೋಗಿ ‘ಯಶಸ್ಸು ಗಳಿಸಿದರು’ ಬಂತು. ಜೊತೆಗೆ ‘ಅಂತೆ’ಯೂ ಹೋಯಿತು. ಕಣ್ಣಾರೆ ಕಾಣದ್ದನ್ನು ಹೇಳುವಾಗ ನಮ್ಮ ಅಜ್ಜಿ ತಪ್ಪದೆ ‘ಅಂತೆ’ ಸೇರಿಸುತ್ತಿದ್ದಳು: ಬರಿಗೈಲಿ ಹೋದನಂತೆ, ಕೋಟಿ ಮಾಡಿದನಂತೆ. ಅದನ್ನು ನಂಬಬೇಕೋ ಬೇಡವೋ ಕೇಳುವವರಿಗೆ ಬಿಟ್ಟದ್ದು. ನಮ್ಮ ಕಿರುಪುಸ್ತಕಗಳಲ್ಲಿ ಒಂದೇ ಒಂದು ‘ಅಂತೆ’ ಇಲ್ಲ.

ಇದು ಬರೀ ವ್ಯಾಕರಣದ ಹಟವಲ್ಲ. ಸಿಂಧನೂರಿನ ಹುಡುಗನೊಬ್ಬ ‘ಗಳಿಸಿದರು’ ಎಂದು ಹನ್ನೆರಡು ಸಲ ಓದಿದ ಮೇಲೆ ತನಗೆ ಸಿಗದಿದ್ದಾಗ ಏನೆಂದುಕೊಳ್ಳುತ್ತಾನೆ? ತಾನು ಗಳಿಸಲಿಲ್ಲ, ತನ್ನಲ್ಲೇ ಏನೋ ಕೊರತೆ ಎಂದು. ನಮ್ಮ ಹುಡುಗ ಹಾಗೇ ಅಂದುಕೊಂಡ. ಆರು ತಿಂಗಳು ಯಾರಿಗೂ ಫೋನ್ ಮಾಡಲಿಲ್ಲ.

*

ಹಾಗಾದರೆ ಕ್ರಿಯಾಪದಗಳ ಹಿಂದಿನಿಂದ ಯಾರು ಯಾರು ಕಾಣೆಯಾದರು? ದೇಶಪಾಂಡೆಯವರ ಕಥೆಯನ್ನೇ ಹಿಡಿದು ಎಣಿಸೋಣ.

ಮೊದಲನೆಯದು ಸರ್ಕಾರ. ಐಐಟಿ ಮದ್ರಾಸ್ 1959ರಲ್ಲಿ ಪಶ್ಚಿಮ ಜರ್ಮನಿಯ ನೆರವಿನಿಂದ, ಭಾರತದ ತೆರಿಗೆದಾರರ ದುಡ್ಡಿನಿಂದ ಎದ್ದ ಸಂಸ್ಥೆ. ಲಿಂಕನ್ ಪ್ರಯೋಗಾಲಯ ಅಮೆರಿಕದ ರಕ್ಷಣಾ ಇಲಾಖೆಯ ಹಣದಲ್ಲಿ ನಡೆಯುವಂಥದು. ಇಂಟರ್ನೆಟ್ಟೇ ಅದೇ ಇಲಾಖೆಯ ಯೋಜನೆಯಿಂದ ಬೆಳೆದದ್ದು. ‘ಸ್ವಂತ ಬಲದಿಂದ’ ಎಂಬ ನುಡಿಗಟ್ಟು ಇಷ್ಟನ್ನೂ ನುಂಗಿಹಾಕುತ್ತದೆ.

ಎರಡನೆಯದು ಕಾಲ. 1996ರಲ್ಲಿ ಅಮೆರಿಕ ದೂರಸಂಪರ್ಕ ಕಾಯ್ದೆ ಬದಲಿಸಿ ಪೈಪೋಟಿಗೆ ಬಾಗಿಲು ತೆರೆಯಿತು. ಹೊಸ ಹೊಸ ಕಂಪನಿಗಳು ಸಾಲ ಎತ್ತಿ ನೆಲ ಅಗೆದು ಕೇಬಲ್ ಹೂತವು. ಆ ಸಾಲದ ದುಡ್ಡೇ ಸ್ವಿಚ್ಚು ಮಾಡುವವರ ಆದಾಯವಾಯಿತು. ಕ್ಯಾಸ್ಕೇಡ್ 1997ರ ಬದಲು 2001ರಲ್ಲಿ ಮಾರಾಟಕ್ಕೆ ಬಂದಿದ್ದರೆ? ಅದೇ ಬುದ್ಧಿ, ಅದೇ ದುಡಿಮೆ, ಅದೇ ಯಂತ್ರ. ಕಥೆ ಬೇರೆ. ಇದಕ್ಕೆ ಊಹೆ ಬೇಕಿಲ್ಲ, ಸಿಕಮೋರೇ ಸಾಕ್ಷಿ. ಅದೇ ಮನುಷ್ಯ, ಅದೇ ಒಡನಾಡಿ, ಇನ್ನೂ ಹೆಚ್ಚಿನ ಅನುಭವ. ಬದಲಾದದ್ದು ಕಾಲ.

ಮೂರನೆಯವರು ಕಳೆದುಕೊಂಡವರು. 1999ರ ಆ ಸಂಜೆ 184 ಡಾಲರಿಗೆ ಕೊಂಡವರಲ್ಲಿ ಯಾರದೋ ಪಿಂಚಣಿ ಇತ್ತು, ಯಾರದೋ ಮಕ್ಕಳ ಓದಿನ ದುಡ್ಡಿತ್ತು. ಸಾಲದ ಮೇಲೆ ಕೇಬಲ್ ಹೂತ ಗ್ಲೋಬಲ್ ಕ್ರಾಸಿಂಗ್ 2002ರ ಜನವರಿಯಲ್ಲಿ ಬಿತ್ತು, ವರ್ಲ್ಡ್‌ಕಾಮ್ ಜುಲೈಯಲ್ಲಿ ಬಿತ್ತು.

ಇಲ್ಲಿ ನಾವೂ ಇದ್ದೇವೆ, ಅದನ್ನು ಹೇಳದಿದ್ದರೆ ನಾನೂ ಕತ್ತರಿಸಿದಂತೆ. ಸಮುದ್ರದಡಿ 200 ಕೋಟಿ ಡಾಲರಿಗೂ ಹೆಚ್ಚು ಸುರಿದು ಹಾಕಿದ್ದ ಟೈಕೊ ಕಂಪನಿಯ ಕೇಬಲ್ ಜಾಲವನ್ನು ಟಾಟಾ ಒಡೆತನದ ವಿಎಸ್‌ಎನ್‌ಎಲ್ 2005ರಲ್ಲಿ 13 ಕೋಟಿ ಡಾಲರಿಗೆ ಕೊಂಡಿತು. ಫ್ಲ್ಯಾಗ್ ಎಂಬ ಇನ್ನೊಂದು ಜಾಲವನ್ನು ರಿಲಯನ್ಸ್ ಸುಮಾರು 21 ಕೋಟಿ ಡಾಲರಿಗೆ ಕೊಂಡಿತು. ಬೆಂಗಳೂರು, ಹೈದರಾಬಾದುಗಳಿಂದ ಅಮೆರಿಕಕ್ಕೆ ಕರೆ ಮತ್ತು ಡೇಟಾ ಅಗ್ಗವಾದದ್ದರಲ್ಲಿ ಹೀಗೆ ಮುಳುಗಿದ ಹಣದ ದೊಡ್ಡ ಪಾಲಿದೆ. ಉಪ್ಪಲಿನ ಕಚೇರಿಗಳ ಮುಂದೆ ನಡುರಾತ್ರಿ ಸಾಲುಗಟ್ಟುವ ಕ್ಯಾಬುಗಳನ್ನು ನೋಡಿದಾಗ ನನಗೆ ಆ ಹಳೆಯ ಷೇರುದಾರರ ನೆನಪಾಗುತ್ತದೆ. ಅವರು ಕಳೆದುಕೊಂಡದ್ದರ ಮೇಲೆ ನಮ್ಮ ಬೀದಿಯ ಬಾಡಿಗೆಗಳು ಏರಿದವು. ಇದಕ್ಕೆ ನಾವು ಕೊಟ್ಟ ಹೆಸರು ‘ಭಾರತದ ಐಟಿ ಪ್ರತಿಭೆ’.

ನಾಲ್ಕನೆಯವರು ತಂತ್ರಜ್ಞಾನ ಬದಲಾದಾಗ ಕೆಳಗೆ ಸಿಕ್ಕಿಬಿದ್ದವರು. ನಮ್ಮ ಮನೆಯಿಂದ ಕೆಲವೇ ಮೈಲಿ ಆಚೆ, ಇಸಿಐಎಲ್ ಕಡೆಗೆ, ಹಿಂದೂಸ್ತಾನ್ ಕೇಬಲ್ಸ್ ಎಂಬ ಕೇಂದ್ರ ಸರ್ಕಾರದ ಕಂಪನಿಯ ಕಾರ್ಖಾನೆ ಇತ್ತು. ಟೆಲಿಫೋನಿನ ತಾಮ್ರದ ಕೇಬಲ್ ತಯಾರಿಸುತ್ತಿತ್ತು. ಮೊಬೈಲ್ ಬಂತು, ಗಾಜಿನ ಕೇಬಲ್ ಬಂತು, ತಾಮ್ರ ಕೇಳುವವರಿಲ್ಲವಾದರು. 2016ರಲ್ಲಿ ಕೇಂದ್ರ ಸಂಪುಟ ಕಂಪನಿಯನ್ನು ಮುಚ್ಚಲು ಒಪ್ಪಿತು. ಬೆಳಕಿನ ಕಥೆ ಹೇಳುವಾಗ ತಾಮ್ರದ ಕಥೆಯೂ ಅದರ ಇನ್ನೊಂದು ಮಗ್ಗಲು. ಒಂದಕ್ಕೆ ಜೀವನಚರಿತ್ರೆ, ಇನ್ನೊಂದಕ್ಕೆ ಗೆಜೆಟ್ ಪ್ರಕಟಣೆ.

*

ಇಷ್ಟು ಹೇಳಿದ್ದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಈ ಪತ್ರದ ಓದುಗರು ಸುಮ್ಮನಿರುವವರಲ್ಲ.

ಒಂದು: ‘ಅವರು ಎಷ್ಟು ಕೊಟ್ಟಿದ್ದಾರೆ ನೋಡಿ.’ ನೋಡಿದ್ದೇನೆ. 1996ರಿಂದ ಇರುವ ದೇಶಪಾಂಡೆ ಪ್ರತಿಷ್ಠಾನ, 2002ರಲ್ಲಿ ಎಂಐಟಿಗೆ ಕೊಟ್ಟ ಎರಡು ಕೋಟಿ ಡಾಲರ್, ಹುಬ್ಬಳ್ಳಿಯ ಸ್ಯಾಂಡ್‌ಬಾಕ್ಸ್, ಅಲ್ಲಿ ನಡೆಯುವ ಕೌಶಲ ತರಬೇತಿ, ಅದೇ ಮಾದರಿಯಲ್ಲಿ ನಮ್ಮ ತೆಲಂಗಾಣದ ನಿಜಾಮಾಬಾದಿನಲ್ಲಿರುವ ಕಾಕತೀಯ ಸ್ಯಾಂಡ್‌ಬಾಕ್ಸ್. ಅಲ್ಲೆಲ್ಲ ಕಲಿತವರಿಗೆ ಆದ ಉಪಕಾರ ನಿಜ. ಆದರೆ ದಾನ ಒಂದು ಲೆಕ್ಕ, ಜೀವನಚರಿತ್ರೆ ಇನ್ನೊಂದು ಲೆಕ್ಕ. ಒಂದರ ಜಮೆಯಿಂದ ಇನ್ನೊಂದರ ಖರ್ಚನ್ನು ಅಳಿಸಲಿಕ್ಕೆ ಬರುವುದಿಲ್ಲ. ಮತ್ತೆ, ದೇಶಪಾಂಡೆಯವರು ತಾವೇ ಕೋರಲ್ ಕಥೆಯನ್ನು ಮುಚ್ಚಿಟ್ಟವರಲ್ಲ. ಪಾಲುದಾರರೊಂದಿಗೆ ಕೂಡದೆ ಹೊರಬಂದೆ ಎಂದು ಸಂದರ್ಶನಗಳಲ್ಲಿ ಹೇಳುತ್ತ ಬಂದಿದ್ದಾರೆ. ಮುಚ್ಚುತ್ತಿರುವವರು ನಾವು: ಬರೆಯುವವರು, ಅನುವಾದಿಸುವವರು, ಶಿಬಿರ ನಡೆಸುವವರು. ನನ್ನ ಜಗಳ ಅವರ ಮೇಲಲ್ಲ, ನಮ್ಮ ಮೇಲೆ.

ಎರಡು: ‘ಹುಡುಗರಿಗೆ ಸ್ಫೂರ್ತಿ ಬೇಡವೇ?’ ಬೇಕು. ಆದರೆ ಸ್ಫೂರ್ತಿಯ ಖರ್ಚನ್ನು ಯಾರು ಹೊರುತ್ತಾರೆ ಎಂದು ಕೇಳಬೇಕು. ಅಮೆರಿಕದಲ್ಲಿ ಉದ್ಯಮ ಮಾಡುವವರು ಇಡುವುದು ಬಹುಮಟ್ಟಿಗೆ ಹೂಡಿಕೆದಾರರ ದುಡ್ಡು. ಮುಳುಗಿದರೆ ಕಂಪನಿ ಮುಳುಗುತ್ತದೆ, ಮನುಷ್ಯ ಮತ್ತೊಂದು ಕಟ್ಟುತ್ತಾನೆ. ಕೋರಲ್ ಬಿಟ್ಟವರಿಗೆ ಕ್ಯಾಸ್ಕೇಡ್ ಸಾಧ್ಯವಾದದ್ದು ಹಾಗೆ. ಸಿಂಧನೂರಿನಲ್ಲಿ ಇಡುವುದು ಅವ್ವನ ಬೋರಮಳ ಸರ. ಸಹಿ ಮಾಡುವುದು ಅಪ್ಪ. ಮುಳುಗಿದರೆ ಫೈನಾನ್ಸಿನವರು ಮನೆ ಮುಂದೆ ಬಂದು ಕೂರುತ್ತಾರೆ. ಎರಡಕ್ಕೂ ‘ಧೈರ್ಯ’ ಎಂಬ ಒಂದೇ ಪದ ಬಳಸುವುದು ಅನುವಾದದ ತಪ್ಪು. ಒಬ್ಬರ ಧೈರ್ಯದ ಕೆಳಗೆ ಬಲೆ ಇದೆ, ಇನ್ನೊಬ್ಬರ ಧೈರ್ಯದ ಕೆಳಗೆ ಕಲ್ಲು. ಬಲೆ ಇರುವವರ ಕಥೆಯನ್ನು ಕಲ್ಲಿನ ಮೇಲೆ ನಿಂತವರಿಗೆ ಹೇಳುವಾಗ ಬಲೆಯ ಸಾಲನ್ನು ಕತ್ತರಿಸುವುದು ಸ್ಫೂರ್ತಿಯಲ್ಲ, ಅಪರಾಧ. ನಾನು ಅದನ್ನು ಪದಕ್ಕೆ ಒಂದೂವರೆ ರೂಪಾಯಿಯಂತೆ ಮಾಡಿದ್ದೇನೆ.

ಮೂರು: ‘ನಮ್ಮವರು ಮೇಲೆ ಬಂದರೆ ನಮ್ಮವರಿಗೇ ಹೊಟ್ಟೆಕಿಚ್ಚು.’ ಇದಕ್ಕೆ ಉತ್ತರವಾಗಿ ಇನ್ನೊಂದು ಕಥೆ ಹೇಳುತ್ತೇನೆ, ಅದರಲ್ಲೂ ದೇಶಪಾಂಡೆಯವರಿದ್ದಾರೆ. 2000ದಲ್ಲಿ ಬೆಂಗಳೂರಿನಲ್ಲಿ ತೇಜಸ್ ನೆಟ್‌ವರ್ಕ್ಸ್ ಶುರುವಾಯಿತು. ಸಂಜಯ್ ನಾಯಕ್, ಕುಮಾರ್ ಶಿವರಾಜನ್, ಅರ್ಣಬ್ ರಾಯ್ ಕಟ್ಟಿದ ಕಂಪನಿ. ಬೆನ್ನಿಗೆ ನಿಂತವರು ದೇಶಪಾಂಡೆ. ಗಾಜಿನ ಕೇಬಲ್ಲಿನ ಮೇಲೆ ಡೇಟಾ ಸಾಗಿಸುವ ಉಪಕರಣಗಳನ್ನು ಇಲ್ಲೇ ವಿನ್ಯಾಸ ಮಾಡುತ್ತೇವೆ ಅಂದರು, ಅದೂ ಪೇಟೆ ಕುಸಿಯುತ್ತಿದ್ದ ವರ್ಷ. ಹದಿನೇಳು ವರ್ಷ ಆದ ಮೇಲೆ, 2017ರಲ್ಲಿ, ಷೇರುಪೇಟೆಗೆ ಬಂದರು. ಆಮೇಲೆ ಟಾಟಾ ಗುಂಪು ಅದನ್ನು ಕೈಗೆ ತೆಗೆದುಕೊಂಡಿತು. ಬಿಎಸ್‌ಎನ್‌ಎಲ್‌ನ 4ಜಿ ಗೋಪುರಗಳಿಗೆ ಈಗ ತೇಜಸ್ ಉಪಕರಣ ಹೋಗುತ್ತಿದೆ. ಇಲ್ಲಿ ಒಂದೇ ದಿನದಲ್ಲಿ ಐದು ಪಟ್ಟು ಏರಿದ ಷೇರು ಇಲ್ಲ. ಸರ್ಕಾರಿ ಟೆಂಡರು, ಬಾರದ ಬಿಲ್ಲು, ಚೀನಾ ಕಂಪನಿಗಳ ಪೈಪೋಟಿ, ಮತ್ತೆ ಟೆಂಡರು, ಇಷ್ಟೇ. ಇದು ನಮ್ಮ ನೆಲದಲ್ಲಿ ದೂರಸಂಪರ್ಕದ ಉದ್ಯಮ ಅಂದರೆ ಹೇಗಿರುತ್ತದೆ ಎಂಬುದರ ನಿಜವಾದ ಪಾಠ. ನನಗೆ ಅನುವಾದಕ್ಕೆ ಬಂದ ಇಂಥ ಪುಸ್ತಕಗಳಲ್ಲಿ ತೇಜಸ್ ಒಂದರಲ್ಲೂ ಇರಲಿಲ್ಲ. ನಮ್ಮವರ ಮೇಲೆ ಅಭಿಮಾನ ಇದ್ದರೆ ಇದು ಮೊದಲ ಅಧ್ಯಾಯ ಆಗಬೇಕಿತ್ತು. ನಮಗಿರುವುದು ಅಭಿಮಾನವಲ್ಲ, ಲಾಟರಿಯ ಚಪಲ.

*

ಹಾಗಾದರೆ ಏನು ಮಾಡಬೇಕು? ಬರೀ ಬೈದು ಪತ್ರ ಮುಗಿಸುವುದು ನನಗೆ ಇಷ್ಟವಿಲ್ಲ.

ಉದ್ಯಮಿಯೊಬ್ಬರ ಬಾಳು ಬರೆಯುವವರು ನಾಲ್ಕು ಪ್ರಶ್ನೆಗೆ ಉತ್ತರ ಕೊಡಲಿ. ಮೊದಲ ದುಡ್ಡು ಯಾರದು? ಮುಳುಗಿದ್ದರೆ ಯಾರದು ಮುಳುಗುತ್ತಿತ್ತು? ಈ ಕೆಲಸ ಸಾಧ್ಯವಾಗಲಿಕ್ಕೆ ಸರ್ಕಾರ, ಶಾಲೆ, ಕಾಯ್ದೆ ಏನೇನು ಮಾಡಿದ್ದವು? ಇದೇ ಕೆಲಸ ಹಿಡಿದ ಉಳಿದವರು ಏನಾದರು? ನಾಲ್ಕು ಪ್ಯಾರಾ ಸಾಕು. ಕಥೆ ಸೊರಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಸಿಕಮೋರ್ ಕರಗಿದ್ದು ಗೊತ್ತಾದ ಮೇಲೂ ನನಗೆ ದೇಶಪಾಂಡೆಯವರ ಬಗ್ಗೆ ಗೌರವ ಕಡಿಮೆಯಾಗಿಲ್ಲ. ಕಾಲ ಒಲಿದಾಗ ಹೇಗೆ, ಮುನಿದಾಗ ಹೇಗೆ, ಎರಡನ್ನೂ ಕಂಡವರ ಮಾತಿಗೆ ತೂಕ ಹೆಚ್ಚು.

ಅನುವಾದಕರಿಗೆ ಒಂದು ಮಾತು. ನಮ್ಮ ಹೆಸರು ಹೊದಿಕೆಯ ಮೇಲೆ ಇರುವುದಿಲ್ಲ, ಹಾಗಾಗಿ ಹೊಣೆಯೂ ಇಲ್ಲ ಎಂದುಕೊಳ್ಳುತ್ತೇವೆ. ಓದುವವರಿಗೆ ಮುಟ್ಟುವುದು ನಮ್ಮ ವಾಕ್ಯ. ‘ತೆಗೆಯಿರಿ’ ಎಂದು ಬಂದಾಗ ಒಂದು ಸಲವಾದರೂ ‘ಯಾಕೆ’ ಎಂದು ಬರೆದು ಕೇಳಿ. ನಾನು ಕೇಳಲಿಲ್ಲ. ಹೋದ ತಿಂಗಳು ಅದೇ ಏಜೆನ್ಸಿ ಎರಡನೆಯ ಮುದ್ರಣಕ್ಕೆ ತಿದ್ದುಪಡಿ ಇದ್ದರೆ ಕಳಿಸಿ ಎಂದು ಬರೆದಿತ್ತು. ಆ ಮೂರು ಸಾಲನ್ನು ಮತ್ತೆ ಸೇರಿಸಿ ಕಳಿಸಿದ್ದೇನೆ, ಈ ಸಲ ‘ಕುಸಿಯಿತು’ ಎಂದಲ್ಲ, ಯಾರು ಕೊಂಡರು, ಯಾರು ಮಾರಿದರು, ಯಾರು ಕಳೆದುಕೊಂಡರು ಎಂದು ಬಿಡಿಸಿ. ಸೇರಿಸದಿದ್ದರೆ ಮುಂದಿನ ಪುಸ್ತಕ ನನಗೆ ಬೇಡ ಎಂದೂ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ಈ ಪತ್ರದ ಕರಡನ್ನು ಚಿಕ್ಕಮ್ಮನ ಮಗನಿಗೆ ಓದಲಿಕ್ಕೆ ಕೊಟ್ಟೆ. ಅವನ ಸಾಲದ ಸಂಗತಿ ಹೊರಗೆ ಹಾಕಲಿಕ್ಕೆ ಅವನ ಒಪ್ಪಿಗೆ ಬೇಕಿತ್ತು. ಫೋನಿನಲ್ಲೇ ನಿಧಾನಕ್ಕೆ ಓದಿದ. ಕ್ರಿಯಾಪದದ ಭಾಗ ಬಂದಾಗ ಆಕಳಿಸಿದ. ಕಡೆಗೆ ನಾನು ಕೇಳಿದೆ, ಇದನ್ನೆಲ್ಲ ಮೊದಲೇ ಓದಿದ್ದರೆ ಧಂದೆ ಶುರುಮಾಡುತ್ತಿರಲಿಲ್ಲವೇನು ಎಂದು.

“ಮಾಡ್ತಿದ್ದೆ ಬಿಡಕ್ಕಾ,” ಅಂದ. “ಆದ್ರ ಅವ್ವನ ಬಂಗಾರ ಇಡ್ತಿದ್ದಿಲ್ಲ.”

ಆಮೇಲೆ ಯಂತ್ರದ ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ವರಂಗಲ್ ರಸ್ತೆಯಲ್ಲಿ ಎಲ್ಲೋ ಕೇಬಲ್ ಕಡಿದಿತ್ತಂತೆ.